ಕುರ್ಡಿಯ ಗದ್ದೆಗಳಿಗೂ ಹೆಸರಿತ್ತು

ಬೆಳಿಗ್ಗೆ ನಳದಲ್ಲಿ ನೀರು ಬರುತ್ತದೆ. ಕೊಡ ಇಡುತ್ತೇವೆ, ತುಂಬಿಕೊಳ್ಳುತ್ತೇವೆ, ಕೆಲಸಕ್ಕೆ ಓಡುತ್ತೇವೆ. ಗೋವಾದ ವಾಸ್ಕೋದಲ್ಲಿ ಇಪ್ಪತ್ತು ವರ್ಷದಿಂದ ನಾನು ಮಾಡಿದ್ದೂ ಇಷ್ಟೇ. ಈ ನೀರು ಸಾಳಾವಲಿ ಅಣೆಕಟ್ಟಿನದು ಅಂತ ಗೊತ್ತಿತ್ತು. ಆ ನೀರಿನ ಅಡಿಯಲ್ಲಿ ಒಂದು ಊರಿದೆ ಅನ್ನೋದನ್ನು ಕಣ್ಣಾರೆ ನೋಡಿದ್ದು ಈ ಮೇ ತಿಂಗಳಲ್ಲಿ.

ಊರಿನ ಹೆಸರು ಕುರ್ಡಿ. ಸಾಂಗೆ ತಾಲ್ಲೂಕಿನಲ್ಲಿದೆ. ಭತ್ತದ ಗದ್ದೆ, ತೆಂಗು, ಗೇರು, ಮಾವು, ಹಲಸು ಇದ್ದ ಬೇಸಾಯದ ಊರು. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರೂ ಇದ್ದರು. ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರೇ ಬಂದು ಊರವರನ್ನು ಕೂರಿಸಿಕೊಂಡು, ಅಣೆಕಟ್ಟು ಬಂದರೆ ಇಡೀ ದಕ್ಷಿಣ ಗೋವಾಕ್ಕೆ ಒಳ್ಳೆಯದಾಗುತ್ತದೆ ಅಂತ ಹೇಳಿದ್ದರಂತೆ. 600ಕ್ಕೂ ಹೆಚ್ಚು ಕುಟುಂಬಗಳು ವಾಡೆಂ, ವಾಲ್ಕಿಣಿ ಕಡೆಗೆ ಹೋದವು. 1986ರ ಹೊತ್ತಿಗೆ ಊರು ಮುಳುಗಿತು. ಈಗ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ನೀರು ಇಳಿದಾಗ, ಸ್ವಲ್ಪ ದಿನ ಮೇಲೆ ಕಾಣುತ್ತದೆ. ಊರು ಬಿಟ್ಟವರು ಆಗ ಬಂದು ಸೋಮೇಶ್ವರನಿಗೆ ಪೂಜೆ ಮಾಡುತ್ತಾರೆ. ಚಾಪೆಲ್‌ನ ಹಬ್ಬವನ್ನೂ ಮಾಡುತ್ತಾರೆ.

ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಯಾಕೆ ಅಂತ ನಮ್ಮ ಬಾಗಲಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮದೂ ಮುಳುಗಡೆ ಊರೇ. ಘಟಪ್ರಭಾ ದಂಡೆಯಲ್ಲಿತ್ತು, ಅಲಮಟ್ಟಿ ಹಿನ್ನೀರಿಗೆ ಹೋಯಿತು. ಪರಿಹಾರದ ದುಡ್ಡು ಕೈಗೆ ಬರುವಾಗ ಅಪ್ಪ ಇರಲಿಲ್ಲ. ನಾನು ಗೋವಾ ಬಸ್ ಹತ್ತಿದೆ. ವಾಸ್ಕೋದ ಬೈನಾ, ಝುವಾರಿನಗರದ ಕಡೆ ಇರುವ ಬಾಗಲಕೋಟೆ, ವಿಜಯಪುರದವರಲ್ಲಿ ಇದೇ ಕತೆ ಎಷ್ಟು ಜನರದ್ದಿಲ್ಲ ಹೇಳಿ?

ಕುರ್ಡಿಯಲ್ಲಿ ಕಾರಿನಿಂದ ಇಳಿದರೆ ಎಲ್ಲೆಲ್ಲೂ ಬಿರುಕು ಬಿಟ್ಟ ಕೆಸರು. ಮೊಣಕಾಲೆತ್ತರದ ಚಿರೆಕಲ್ಲಿನ ಗೋಡೆಗಳು, ಕಪ್ಪಾದ ಮರದ ಬೊಡ್ಡೆಗಳು. ಹುಡುಗರ ಒಂದು ಗುಂಪು ಫೋಟೋ ತೆಗೆದುಕೊಳ್ಳುತ್ತಿತ್ತು. ಅವ್ವ ಮಾತಾಡಲಿಲ್ಲ. ಒಂದು ಕಡೆ ನಿಂತು ಕೆಳಗೆ ನೋಡಿದಳು. ಕೆಸರಿನಲ್ಲಿ ಗದ್ದೆಯ ಬದು ಇನ್ನೂ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ನಾನು ಅಡ್ಡ ದಾಟಿಕೊಂಡು ಹೊರಟಿದ್ದೆ. ಅವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಬದುವಿನ ಮೇಲೇ ನಡೆದಳು. "ಮಂದಿ ಹೊಲದಾಗ ಹಂಗ ಚಪ್ಪಲಿ ಹಾಕ್ಕೊಂಡು ತುಳದಾಡ್ತಾರೇನೋ?" ಅಂದಳು. ಆ ಗದ್ದೆಯಲ್ಲಿ ಬೆಳೆ ಬೆಳೆಯೋದು ನಿಂತೇ ನಲವತ್ತು ವರ್ಷ ಆಗುತ್ತಾ ಬಂತು.

ಅಲ್ಲೇ ಒಬ್ಬರು ವಯಸ್ಸಾದವರು ಸಿಕ್ಕರು. ಊರು ಬಿಡುವಾಗ ಇಪ್ಪತ್ತು ದಾಟಿತ್ತಂತೆ. ಅವರದು ಕೊಂಕಣಿ, ಅವ್ವನದು ಕನ್ನಡ, ನಡುವೆ ನನ್ನ ಹರಕು ಮುರುಕು ಹಿಂದಿ. ಅವ್ವ ಕೇಳಿದ ಮೊದಲ ಪ್ರಶ್ನೆ ಅವರ ಮನೆ ಎಲ್ಲಿತ್ತು ಅಂತಲ್ಲ, "ನಿಮ್ಮ ಹೊಲಕ್ಕ ಏನಂತಿದ್ರಿ ಅಣ್ಣಾ?" ಅಂತ. ಅವರ ಮುಖ ನೋಡಬೇಕಿತ್ತು. ಕೈ ಚಾಚಿ ಒಂದೊಂದೇ ಗದ್ದೆ ತೋರಿಸಿ ಹೆಸರು ಹೇಳುತ್ತಾ ಹೋದರು. ಒಂದಕ್ಕೆ ಹಲಸಿನ ಮರದ ಹೆಸರು, ಇನ್ನೊಂದಕ್ಕೆ ಯಾವಾಗಲೂ ಜೌಗು ನಿಲ್ಲುತ್ತಿದ್ದ ಕಾರಣಕ್ಕೆ ಬಂದ ಹೆಸರು. ಹೊರಡುವಾಗ ಒಂದು ಮಾತು ಹೇಳಿದರು. "ಬೇಸಿಗೆಯಲ್ಲಿ ನಮ್ಮ ಹೊಸ ಊರಿನ ಬಾವಿ ಬತ್ತುತ್ತದೆ ಅಕ್ಕಾ. ಇಲ್ಲಿಯ ನೀರು ಮಾತ್ರ ವಾಸ್ಕೋವರೆಗೂ ಹೋಗುತ್ತದೆ." ನಾವು ವಾಸ್ಕೋದವರು ಅಂತ ಅವರಿಗೆ ಆಗಲೇ ಹೇಳಿದ್ದೆ. ಬೈದು ಹೇಳಿದ್ದಲ್ಲ. ಆದರೂ ನನಗೆ ತಲೆ ಎತ್ತಲಾಗಲಿಲ್ಲ.

ಕುರ್ಡಿಯ ಮಹಾದೇವ ದೇವಸ್ಥಾನ ಕದಂಬರ ಕಾಲದ್ದು. ಮುಳುಗುವ ಮೊದಲು ಅದರ ಕಲ್ಲು ಕಲ್ಲನ್ನೂ ಬಿಚ್ಚಿ ಸಾಗಿಸಿ, ಅಣೆಕಟ್ಟಿನ ಹತ್ತಿರ ಮತ್ತೆ ಜೋಡಿಸಿದರು. ತುಂಬಾ ಒಳ್ಳೆಯ ಕೆಲಸ. ಗಾಯಕಿ ಮೋಗೂಬಾಯಿ ಕುರ್ಡೀಕರ್ ಹುಟ್ಟಿದ್ದು ಇದೇ ಊರಲ್ಲಿ, 1904ರಲ್ಲಿ. ಅವರ ಅಡ್ಡಹೆಸರಲ್ಲೂ ಊರು ಉಳಿದಿದೆ. ಆದರೆ ತಲೆತಲಾಂತರದಿಂದ ಗದ್ದೆ ಉತ್ತವರಿಗೆ ಗೊತ್ತಿದ್ದದ್ದು ಎಲ್ಲಿ ಉಳಿಯಿತು? ಯಾವ ಗದ್ದೆಗೆ ನೀರು ಮೊದಲು ತಿರುಗಿಸಬೇಕು, ಯಾವ ಮಣ್ಣಿಗೆ ಯಾವ ಬೀಜ ಹಾಕಬೇಕು ಅನ್ನೋದೆಲ್ಲ ಆ ಹೆಸರುಗಳ ಜೊತೆಗೇ ಇತ್ತು. ರೈತರ ಊರಿನ ಇತಿಹಾಸ ಅಂದರೆ ನನ್ನ ಪ್ರಕಾರ ಇದೇ. ದಾಖಲೆಯಲ್ಲಿ ಬರೀ ಸರ್ವೆ ನಂಬರ್ ಇರುತ್ತದೆ. ನಮ್ಮ ಊರುಗಳದ್ದೂ ಅಷ್ಟೇ ಅಲ್ವಾ?

ಅಲಮಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಈಗ ನೀರು ನಿಲ್ಲುವುದು 519.60 ಮೀಟರ್‌ವರೆಗೆ. 524.256 ಮೀಟರ್‌ವರೆಗೆ ನಿಲ್ಲಿಸಲು ಕೃಷ್ಣಾ ನದಿ ನೀರಿನ ಹಂಚಿಕೆ ನೋಡುವ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಹಾಗಾದರೆ ಇನ್ನಷ್ಟು ಹಳ್ಳಿಗಳು ಹೋಗುತ್ತವೆ. ಅಣೆಕಟ್ಟು ಬೇಕೋ ಬೇಡವೋ ಅಂತ ನಾನಿಲ್ಲಿ ಜಗಳಕ್ಕೆ ಬಂದಿಲ್ಲ. ನೀರು ಕುಡಿಯುವವನು ನಾನೂ. ಆದರೆ ಅಲ್ಲಿ ಸಂಬಂಧಿಕರಿದ್ದವರು ಈಗಲೇ ಹೋಗಿ ಕೂತು ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳಿ. ಪರಿಹಾರದ ಲೆಕ್ಕವನ್ನು ಹೇಗೂ ಎಲ್ಲರೂ ಬರೆದಿಡುತ್ತಾರೆ. ಹೊಲದ ಹೆಸರನ್ನು ನಾವೇ ಬರೆಯಬೇಕು.

ಕುರ್ಡಿಯಿಂದ ಬಂದ ರಾತ್ರಿಯೇ ಮಗಳ ಹಳೆ ನೋಟ್‌ಬುಕ್ ತೆಗೆದುಕೊಂಡು ಕೂತೆ. ಅವ್ವ ಹೇಳಿದಳು, ನಾನು ಬರೆದೆ. ಬೇವಿನಗಿಡದ ಹೊಲ. ದಂಡಿ ಹೊಲ. ಕರಕಿ ಹೊಲ. ಗೌಡರ ಎರಿ. ಸಾಲಬನ್ನಿ. ಈವರೆಗೆ ಹದಿನೇಳು ಸಿಕ್ಕಿವೆ. ಹೊಳೆಯ ಆಚೆ ದಂಡೆಯ ಹೊಲಗಳು ಅವ್ವನಿಗೆ ಗೊತ್ತಿಲ್ಲ, ಆ ಕಡೆ ಅವಳು ಕೂಲಿಗೆ ಹೋದವಳಲ್ಲ. ಬಾಗಲಕೋಟೆ ಸುತ್ತಿನ ಮುಳುಗಡೆ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರನ್ನು ಕೇಳಿ ನನಗೆ ಹೇಳಿ. ನೋಟ್‌ಬುಕ್ಕಿನಲ್ಲಿ ಇನ್ನೂ ಜಾಗ ಇದೆ.