ಮೊದಲು ಎದೆ ನೋಡಿ, ಆಮೇಲೆ ಗ್ಯಾಸ್ ಅನ್ನಿ

"ಇಂಗ್ಲೆಂಡಿಗೆ ಹೋಗಿ ಭಾಳ ಪುಕ್ಕಲ ಆಗಿ ಬಂದೀಯಲ್ಲೋ" ಅಂದರು ಪಕ್ಕದ ಮನೆ ಕಾಕಾ. ಗಂಗಾವತಿಯ ನಮ್ಮ ಮನೆ ಪಡಸಾಲೆಯಲ್ಲಿ ಕೂತವರೆಲ್ಲ ನಕ್ಕರು. ನನಗೆ ಆ ಮಾತು ಚುಚ್ಚಿತು.

ತಮ್ಮನಿಗೆ ಫ್ಲೂ ಬಂದು ಜ್ವರ ಬಿಟ್ಟು ನಾಲ್ಕು ದಿನವಾಗಿತ್ತು. ಜ್ವರ ಬಿಟ್ಟ ಮರುದಿನವೇ ಅಕ್ಕಿ ಮಿಲ್ಲಿಗೆ ಹೋಗಿದ್ದ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ಮಲಗಿದರೆ ಚುಚ್ಚಿದ ಹಾಗೆ ನೋವು. ಮಧ್ಯಾಹ್ನದಿಂದ ದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂತಿದ್ದ. ಅವ್ವ ಅಜಿವಾನ ಕುದಿಸಿ ಕೊಟ್ಟಳು. ಮೆಡಿಕಲ್ ಶಾಪಿನವನು ಗ್ಯಾಸಿನ ಗುಳಿಗೆ ಕೊಟ್ಟ. "ಹೊಟ್ಟಿಗೆ ಸರಿಯಾಗಿ ತಿಂದಿಲ್ಲ, ವಾಯು ಆಗೈತಿ" ಅಂದರು ಕಾಕಾ. ಈಸಿಜಿ ಮಾಡಿಸೋಣ ಅಂದವನು ನಾನೊಬ್ಬನೇ.

ಎರಡು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ನನಗೂ ಹೀಗೇ ಆಗಿತ್ತು. ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದೆ. ಬೆವರು ಬರ್ತಿದೆಯಾ, ನೋವು ಕೈಗೋ ದವಡೆಗೋ ಹರಡ್ತಿದೆಯಾ, ಉಸಿರು ಕಟ್ತಿದೆಯಾ ಅಂತ ಒಂದಾದ ಮೇಲೊಂದು ಕೇಳಿದರು. ಆಸ್ಪತ್ರೆಗೆ ಕಳಿಸಿ ಈಸಿಜಿ, ರಕ್ತಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿತ್ತು, ಅಷ್ಟೇ. ಆದರೆ ಸುಮ್ನೆ ಯಾಕೆ ಬಂದೆ ಅಂತ ಒಬ್ಬರೂ ಅನ್ನಲಿಲ್ಲ. ಅಲ್ಲಿ ಮೊದಲು ಹೃದಯ ಸರಿಯಿದೆಯಾ ನೋಡುತ್ತಾರೆ, ಹೊಟ್ಟೆಯ ಮಾತು ಆಮೇಲೆ. ನಮ್ಮಲ್ಲಿ ಪೂರ್ತಿ ಉಲ್ಟಾ. ಈ ಒಂದು ವಿಷಯದಲ್ಲಿ ನಮ್ಮೂರಿನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 10 ಬಡಿತ ಜಾಸ್ತಿಯಾಗುತ್ತದೆ, ಅದು ಸಹಜ. ಜ್ವರ ಹೋದ ಮೇಲೂ, ಸುಮ್ಮನೆ ಕೂತಾಗಲೂ 100 ದಾಟುತ್ತಿದ್ದರೆ, ಜೊತೆಗೆ ಎದೆನೋವೂ ಇದ್ದರೆ ಮನೆಮದ್ದಿನ ಮೇಲೆ ಬಿಡಬಾರದು. ಫ್ಲೂ ಕೆಲವರಲ್ಲಿ ಹೃದಯದ ಸ್ನಾಯುವಿಗೋ ಸುತ್ತಲಿನ ಪೊರೆಗೋ ಬಾವು ತರುತ್ತದೆ. ಫ್ಲೂ ಖಚಿತವಾದ ಮೊದಲ 7 ದಿನ ಹೃದಯಾಘಾತದ ಸಾಧ್ಯತೆ ಸುಮಾರು 6 ಪಟ್ಟು ಎಂದು 2018ರಲ್ಲೇ ಕೆನಡಾದ ಒಂದು ಅಧ್ಯಯನ ಹೇಳಿತ್ತು. ನೋವು ಜೋರಾಗಿ, ಬೆವರಿ, ಉಸಿರು ಕಟ್ಟಿದರೆ ಮತ್ತೆ ಯೋಚನೆ ಬೇಡ, 108ಕ್ಕೆ ಫೋನ್ ಮಾಡಬೇಕು.

ಕೊನೆಗೆ ಹಟ ಹಿಡಿದು ತಮ್ಮನನ್ನು ಕರೆದುಕೊಂಡು ಹೋದೆ. "ಮುಂದಕ್ಕೆ ಬಾಗಿ ಕೂತರೆ ನೋವು ಕಡಿಮೆ ಅನಿಸ್ತದಾ?" ಅನ್ನೋದು ಡಾಕ್ಟರರ ಮೊದಲ ಪ್ರಶ್ನೆ. ಅವನು ಹಾಗೆ ಕೂತಿದ್ದನ್ನು ನಾವೆಲ್ಲ ಮಧ್ಯಾಹ್ನದಿಂದ ನೋಡಿದ್ದೆವು. ಪೊರೆಗೆ ಬಾವು ಬಂದಿತ್ತು. ಗುಳಿಗೆ ಬರೆದರು, ಒಂದು ರಾತ್ರಿ ಅಲ್ಲೇ ಇರಿಸಿಕೊಂಡರು. ಮಿಲ್ಲಿನ ಚೀಲ ಎತ್ತುವುದು ಸದ್ಯಕ್ಕೆ ಬೇಡ ಅಂದರು.

ಇದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಆ ರಾತ್ರಿ ನಾನು ಆರು ತಾಸು ಕುರ್ಚಿಯ ಮೇಲೆ ಒಬ್ಬನೇ ಕೂತಿದ್ದೆ. ನೀರು ಬೇಕಾ ಅಂತ ಕೇಳುವವರೂ ಇರಲಿಲ್ಲ. ಇಲ್ಲಿ ಆಸ್ಪತ್ರೆ ಮುಟ್ಟಿದ ಅರ್ಧ ತಾಸಿಗೆ ಈಸಿಜಿ ಆಯಿತು. ಮನೆಮಂದಿಯೆಲ್ಲ ಬಂದರು. ನಕ್ಕಿದ್ದ ಕಾಕಾನೇ ಟವೆಲ್ ಹಾಸಿಕೊಂಡು ರಾತ್ರಿಯಿಡೀ ವಾರ್ಡಿನ ಹೊರಗೆ ಮಲಗಿದ್ದರು.

ಬೆಳಿಗ್ಗೆ ಚಹಾ ತಂದುಕೊಟ್ಟು ಮೆಲ್ಲಗೆ ಕೇಳಿದರು, "ನಂದೂ ಒಂದು ಈಸಿಜಿ ತೆಗಿಸೂಣೇನಪಾ? ಹೋದ ತಿಂಗಳ ನನಗೂ ಹಿಂಗ ಆಗಿತ್ತು. ಸೋಡಾ ಕುಡಿದು ಮಲಗಿದ್ದೆ."