ಬ್ರಿಸ್ಟಲ್ ಬಿಟ್ಟುಕೊಟ್ಟ ರೂಪರ್ಟ್: ದೊರೆಯ ಶಂಕೆ ಸರಿಯೇ?

ಪರ

ಇಂಗ್ಲೆಂಡಿನಲ್ಲಿ ದೊರೆಗೂ ಸಂಸತ್ತಿಗೂ ಅಂತರ್ಯುದ್ಧ ನಡೆದಿದ್ದ ಕಾಲ. ರೂಪರ್ಟ್ ದ್ರೋಹ ಬಗೆದು ಬ್ರಿಸ್ಟಲ್ ಊರನ್ನು ಸಂಸತ್ತಿಗೆ ಬಿಟ್ಟುಕೊಟ್ಟ ಎಂಬುದು ಶಂಕೆ. ಒಂದನೇ ಚಾರ್ಲ್ಸ್ ದೊರೆಯ ಸ್ಥಿತಿ ನೋಡಿ. 1645ರ ಜೂನ್‌ನಲ್ಲಿ ನೇಸ್‌ಬಿಯಲ್ಲಿ ಸಂಸತ್ತಿನ ಪಡೆ ಅವನ ಸೈನ್ಯವನ್ನು ನುಚ್ಚುನೂರು ಮಾಡಿತ್ತು. ಕೈಲುಳಿದ ಬಂದರುಗಳಲ್ಲಿ ಬ್ರಿಸ್ಟಲ್ಲೇ ದೊಡ್ಡದು. ಅದರ ಕಾವಲು ಅಕ್ಕನ ಮಗ ರೂಪರ್ಟ್‌ನದು. ಊರೊಳಗೆ ದಂಗೆ ಏಳದಿದ್ದರೆ ನಾಲ್ಕು ತಿಂಗಳು ಕಾಯುತ್ತೇನೆಂದು ಅವನೇ ಭರವಸೆ ಕೊಟ್ಟಿದ್ದ. ದಂಗೆ ಏಳಲಿಲ್ಲ. ಮುತ್ತಿಗೆ ಬಿದ್ದ ಮೂರು ವಾರದೊಳಗೆ, ಸೆಪ್ಟೆಂಬರ್ 10ರಂದು, ಊರು ಒಪ್ಪಿಸಲು ಒಪ್ಪಿದ. ನಾಲ್ಕು ದಿನವಾದರೂ ಕಾದೆಯಾ ಎಂದು ದೊರೆ ಕಾಗದದಲ್ಲಿ ಕೇಳಿದ. ಮಾತು ಖಾರವಾದರೂ ನೋವು ಸುಳ್ಳಲ್ಲ.

ಜುಲೈನಲ್ಲೇ ರೂಪರ್ಟ್ ಸಂಧಿಯೇ ಮೇಲೆಂದು ಬರೆದಿದ್ದ. ಒಡಹುಟ್ಟಿದ ಅಣ್ಣ ಲಂಡನ್ನಿನಲ್ಲಿ ಸಂಸತ್ತಿನ ಹಂಗಿನಲ್ಲಿದ್ದ. ಇಷ್ಟನ್ನೂ ಕೂಡಿಸಿದರೆ ಯಾವ ಸೋದರಮಾವನಿಗೆ ಅನುಮಾನ ಬರುವುದಿಲ್ಲ? 1643ರಲ್ಲಿ ಇದೇ ಊರನ್ನು ಇದೇ ರೂಪರ್ಟ್‌ಗೆ ಒಪ್ಪಿಸಿದ್ದ ನಥಾನಿಯಲ್ ಫೈನ್ಸ್‌ಗೆ ಸಂಸತ್ತಿನ ಕಡೆಯವರು ಮರಣದಂಡನೆ ವಿಧಿಸಿದ್ದರು (ಆಮೇಲೆ ಕ್ಷಮಿಸಿದರು ಅನ್ನಿ). ಚಾರ್ಲ್ಸ್ ಕಿತ್ತುಕೊಂಡದ್ದು ಅಧಿಕಾರ ಮಾತ್ರ. ಕಡಲಾಚೆ ಎಲ್ಲಾದರೂ ಬದುಕಿಕೋ ಎಂದು ರಹದಾರಿಯನ್ನೂ ಕಳಿಸಿದ.

ವಿರೋಧ

ಅಂಥ ಮಾತು ಕೊಟ್ಟದ್ದೇ ದುಡುಕು, ಒಪ್ಪೋಣ. ದುಡುಕು ಬೇರೆ, ದ್ರೋಹ ಬೇರೆ. ಬ್ರಿಸ್ಟಲ್‌ನ ಹೊರಗೋಡೆ ಸುಮಾರು ನಾಲ್ಕು ಮೈಲಿ ಉದ್ದ. ಅದನ್ನು ಕಾಯಲು ರೂಪರ್ಟ್ ನೆಚ್ಚಬಹುದಾಗಿದ್ದವರು, ಅವನದೇ ಲೆಕ್ಕದಲ್ಲಿ, 1500 ಜನ. ಊರಲ್ಲಿ ಪ್ಲೇಗು ಬೇರೆ. ಇನ್ನೂ ಕತ್ತಲಿರುವಾಗಲೇ ಸಂಸತ್ತಿನ ಸೇನಾಪತಿ ಫೇರ್‌ಫ್ಯಾಕ್ಸ್‌ನ ಪಡೆ ಲಗ್ಗೆ ಹಾಕಿತು. ಪ್ರಯರ್ಸ್ ಹಿಲ್ ಬುರುಜು ಎಷ್ಟು ಎತ್ತರವೆಂದರೆ 30 ಮೆಟ್ಟಿಲ ಏಣಿಯೂ ಅದರ ತುದಿಗೆ ಕಷ್ಟಪಟ್ಟು ಎಟಕುತ್ತಿತ್ತು. ಅಲ್ಲಿನವರು ಗಂಟೆಗಟ್ಟಲೆ ಕಾದಾಡಿದರು. ಬುರುಜು ಬಿದ್ದಾಗ ಹೆಚ್ಚಿನವರನ್ನು ಕಡಿದು ಹಾಕಿದರು. ಮಾರಿಕೊಂಡ ಊರು ಹೀಗೆ ಕಾದಾಡುತ್ತದೆಯೇ?

ನನಗೆ ಅನುಮಾನ ಬರುವುದು ದೊರೆಯ ಆತುರದ ಮೇಲೆ. ಅಕ್ಕನ ಮಗನ ಮಾತು ಕೇಳುವ ಮೊದಲೇ ಅಧಿಕಾರ ಕಿತ್ತ. ರೂಪರ್ಟ್‌ನ ಗೆಳೆಯ, ದೊರೆಯ ನೆಲೆಯಾಗಿದ್ದ ಆಕ್ಸ್‌ಫರ್ಡ್‌ನ ಗವರ್ನರ್ ವಿಲಿಯಂ ಲೆಗ್‌ನನ್ನೂ ಹಿಡಿಸಿಹಾಕಿದ. ರೂಪರ್ಟ್‌ನನ್ನು ಕಂಡರಾಗದ ಡಿಗ್ಬಿ ಪ್ರಭು ದೊರೆಯ ಪಕ್ಕದಲ್ಲೇ ಇದ್ದ. ಕಿವಿಯೂದಲು ಎಷ್ಟು ಹೊತ್ತು ಬೇಕು? ಅಕ್ಟೋಬರ್‌ನಲ್ಲಿ ರೂಪರ್ಟ್ ಶತ್ರುಗಳ ನಡುವೆ ದಾರಿ ಬಿಡಿಸಿಕೊಂಡು ದೊರೆಯಿದ್ದ ನ್ಯೂವಾರ್ಕ್‌ಗೆ ಬಂದು, ತಾನೇ ವಿಚಾರಣೆ ಕೇಳಿ ಪಡೆದ. ಧೈರ್ಯದಲ್ಲಾಗಲಿ ನಿಷ್ಠೆಯಲ್ಲಾಗಲಿ ಕೊರತೆಯಿಲ್ಲವೆಂದು ಸೇನಾ ಮಂಡಳಿ ತೀರ್ಪಿತ್ತಿತು. ದೊರೆ ಅದನ್ನು ಒಪ್ಪಿದ, ಅಧಿಕಾರ ಮಾತ್ರ ಮರಳಿಸಲಿಲ್ಲ.

ಮರುವರ್ಷ ಆಕ್ಸ್‌ಫರ್ಡ್ ಬಿದ್ದ ಮೇಲೆ ರೂಪರ್ಟ್‌ನನ್ನು ಇಂಗ್ಲೆಂಡಿನಿಂದ ಹೊರಡಿಸಿದ್ದು ಸಂಸತ್ತು. ಯಾರಿಗೆ ಊರು ಮಾರಿದನೆಂದು ಚಾಡಿ ಹೇಳಿದ್ದರೋ, ಅವರೇ.