ಡಯಾಲಿಸಿಸ್ ಮಾವನಿಗೆ ಒಂದು ಲೋಟ ಆಂಟಿಆಕ್ಸಿಡೆಂಟ್

ಮತ್ತೆ ಬಂದಿದೆ ಆ ಆಂಟಿಆಕ್ಸಿಡೆಂಟ್ ಪಾನೀಯದ ಜಾಹೀರಾತು. ನೀವಿನ್ನೂ ನೋಡಿಲ್ಲ ಅಂದ್ರೆ ಸಂಜೆಯೊಳಗೆ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ, ಕಾಯಿರಿ. ನೇರಳೆ ಬಾಟಲಿ, ಬಾಯ್ತುಂಬ ನಗುವ ಅಜ್ಜ, ಕೆಳಗೆ ದಪ್ಪಕ್ಷರದಲ್ಲಿ 'ಆಕ್ಸಿಡೇಟಿವ್ ಸ್ಟ್ರೆಸ್ ಇಳಿಸುತ್ತದೆ; ಶುಗರ್, ಕಿಡ್ನಿ ರೋಗಿಗಳಿಗೆ ವರದಾನ'.

ನಮ್ಮ ಮಾವನಿಗೆ ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲ 4 ಗಂಟೆ. ಅವರಿಗೆ ಇದನ್ನು ಐದು ಜನ ಕಳಿಸಿದ್ದಾರೆ. ಐವರೂ ಒಳ್ಳೆಯವರೇ. ಒಬ್ಬರಂತೂ ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಟೆನ್ಶನ್ ಎಂದೇ ತಿಳಿದಿದ್ದಾರೆ. "ಭಾವ, ಜಾಸ್ತಿ ಯೋಚ್ನೆ ಮಾಡ್ಬೇಡಿ, ಸ್ಟ್ರೆಸ್ ತಾನಾಗೇ ಇಳಿಯುತ್ತೆ" ಎಂದು ವಾಯ್ಸ್ ಮೆಸೇಜು. 1985ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮುಟ್ ಸೀಸ್ ಈ ಹೆಸರನ್ನು ಚಾಲ್ತಿಗೆ ತಂದಾಗ ವಾಟ್ಸಾಪ್ ಇರಲಿಲ್ಲ, ಪಾಪ.

ತಮಾಷೆ ಏನಂದರೆ, ಮೂಲ ವಿಷಯ ಸುಳ್ಳಲ್ಲ. ಸಕ್ಕರೆ ಏರಿದಾಗ ಮೈಯಲ್ಲಿ ಜೀವಕೋಶಗಳನ್ನು ಕೆಡಿಸುವ ಪುಂಡ ಕಣಗಳು (ಫ್ರೀ ರ‍್ಯಾಡಿಕಲ್) ಹೆಚ್ಚುತ್ತವೆ; ಅವು ಕೈಮೀರಿದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಅವನ್ನು ಅಡಗಿಸಲು ನಮ್ಮದೇ ಎನ್‌ಜೈಮುಗಳಿವೆ: ಎಸ್‌ಒಡಿ (ಸೂಪರಾಕ್ಸೈಡ್ ಡಿಸ್ಮ್ಯುಟೇಸ್), ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್. ರಕ್ತದ ದ್ರವದಲ್ಲಿ ಓಡಾಡುವ ಈ ಕೊನೆಯದು ಹೆಚ್ಚಾಗಿ ತಯಾರಾಗುವುದೇ ಕಿಡ್ನಿಯಲ್ಲಿ. ಕಾರ್ಖಾನೆಗೇ ಬೀಗ ಬಿದ್ದ ಮೇಲೆ ಇನ್ನೇನು? ಸಾಲದ್ದಕ್ಕೆ ಡಯಾಲಿಸಿಸ್ ಫಿಲ್ಟರ್ ತಾಗಿದರೆ ಬಿಳಿ ರಕ್ತಕಣಗಳು ರೇಗಿ ಅದೇ ಪುಂಡ ಕಣಗಳನ್ನು ಉಗುಳುತ್ತವೆ. ಅವನ್ನು ತಡೆಯುವ ವಿಟಮಿನ್ ಸಿ ತೊಳೆದುಹೋಗುತ್ತದೆ. ಹಾಗಂತ ಮುಷ್ಟಿಗಟ್ಟಲೆ ನುಂಗಿದರೆ ಅದು ಆಕ್ಸಲೇಟ್ ಎಂಬ ಲವಣವಾಗಿ, ಹೊರಹಾಕಲು ಕಿಡ್ನಿಯಿಲ್ಲದೆ, ಮೈಯಲ್ಲೇ ಠಿಕಾಣಿ ಹೂಡುತ್ತದೆ.

ಎನ್‌ಜೈಮನ್ನೇ ಮಾತ್ರೆ ಮಾಡಿ ಮಾರುವ ಧೀರರೂ ಇದ್ದಾರೆ. ಎನ್‌ಜೈಮ್ ಅಂದರೆ ಪ್ರೊಟೀನು. "ನಾನು ಎಸ್‌ಒಡಿ, ದಾರಿ ಬಿಡಿ" ಅಂದರೆ ಹೊಟ್ಟೆ ಕೇಳುತ್ತಾ? ಬೇಳೆಗೆ ಯಾವ ಮರ್ಯಾದೆಯೋ ಇದಕ್ಕೂ ಅದೇ. ಇನ್ನು ಬಾಟಲಿ ಮೇಲಿನ 'ಓರ್ಯಾಕ್' ಅಂಕ, ಅಂದರೆ ಪುಂಡ ಕಣಗಳನ್ನು ತಡೆಯುವ ಶಕ್ತಿಯ ಅಳತೆ. ಅದು ಪರೀಕ್ಷಾ ನಳಿಕೆಯಲ್ಲಿ ಪಡೆದ ಮಾರ್ಕ್ಸು. ಕಂಪನಿಗಳು ಬೇಕಾದಂತೆ ಬಳಸುತ್ತಿವೆ ಎಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ಈ ಅಂಕಗಳ ತನ್ನ ಪಟ್ಟಿಯನ್ನು ತೆಗೆದುಹಾಕಿತು. ಲೇಬಲ್ ಬರೆಯುವವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಅದೇ 2012ರಲ್ಲಿ ಇನ್ನೊಂದು ನಡೆಯಿತು. ಮೈಯೊಳಗಿನ ಇದೇ ಕಾವಲು ಎನ್‌ಜೈಮುಗಳನ್ನು ಎಬ್ಬಿಸುವ ಬಾರ್ಡೊಕ್ಸೊಲೋನ್ ಔಷಧವನ್ನು ಕಿಡ್ನಿ ಬಹಳ ಕೆಟ್ಟಿದ್ದ ಮಧುಮೇಹಿಗಳಿಗೆ ಕೊಟ್ಟು ನೋಡುತ್ತಿದ್ದರು. ಹೃದಯ ವೈಫಲ್ಯ ಹೆಚ್ಚಾಗಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಷ್ಟು ಓದಿದವರೇ ಕೈ ಸುಟ್ಟುಕೊಂಡರು. ನೇರಳೆ ಬಾಟಲಿಗೆ ಮಾತ್ರ ಎಲ್ಲ ಗೊತ್ತು.

ಸರಿ, ತಮಾಷೆ ಸಾಕು. ಆ ಬಾಟಲಿಯಲ್ಲಿರುವುದು ಹಣ್ಣಿನ ರಸ. ಹಣ್ಣಿನ ರಸದಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸತ್ತವರ ಮೈಯಿಂದ ಅದು ಸರಿಯಾಗಿ ಹೊರಹೋಗಲು ಮುಂದಿನ ಡಯಾಲಿಸಿಸ್ಸೇ ಬರಬೇಕು. ಮಿತಿ ಮೀರಿದರೆ ಎದೆಬಡಿತವೇ ನಿಲ್ಲಬಹುದು. ನೀರನ್ನೇ ಅಳೆದು ಕುಡಿಯುವ ಮನುಷ್ಯನಿಗೆ "ದಿನಕ್ಕೆರಡು ಲೋಟ" ಎನ್ನುತ್ತೀರಲ್ಲ, ನಾಚಿಕೆಯಾಗಲ್ವಾ? ಒಂದು ಸಾಲಿನ ಎಚ್ಚರಿಕೆಗೂ ಲೇಬಲ್ಲಿನಲ್ಲಿ ಜಾಗ ಇರಲಿಲ್ಲ. ಅಜ್ಜನ ನಗು ಅಷ್ಟು ಅಗಲ.

ಮೊನ್ನೆ ಮಾವ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ ಆರನೇ ಸಲ ಬಂತು. ಈ ಸಲ ಅಜ್ಜಿ ನಗುತ್ತಿದ್ದರು.